ಒಂದು ಪದವನ್ನು ವಾಪಸ್ ಪಡೆಯುತ್ತಾ

ಕೆಲವು ವರ್ಷಗಳ ಹಿಂದೆ ಒಬ್ಬ ಹಿರಿಯ ಲೇಖಕರ ಪ್ರಬಂಧ ಸಂಕಲನದ ಬಗ್ಗೆ ಇಲ್ಲೇ ಬರೆದಿದ್ದೆ. ಹೆಸರು ಬೇಡ. ಅವರ ಹಳೆಯ ಪುಸ್ತಕಗಳನ್ನು ಓದಿ ಬೆಳೆದವನು ನಾನು. ಅವರು ಹಿತ್ತಲು ಅಂತ ಬರೆದರೆ ಅಲ್ಲಿ ಬಸಳೆ ಚಪ್ಪರ ಇರ್ತಿತ್ತು, ಬಚ್ಚಲ ನೀರು ಹರಿಯುವ ಕಡೆ ಕೆಸುವಿನ ಎಲೆ ಇರ್ತಿತ್ತು, ಒಗೆಯೋ ಕಲ್ಲಿನ ಪಕ್ಕ ಅರ್ಧ ಸವೆದ ಸೋಪು ಇರ್ತಿತ್ತು. ಹೊಸ ಪುಸ್ತಕದಲ್ಲಿ ಹಿತ್ತಲು ಇತ್ತು, ಆದರೆ ಅದರಲ್ಲಿ ‘ಗಿಡಗಳು’ ಇದ್ದವು. ಅಡುಗೆಮನೆಯಲ್ಲಿ ‘ಪಾತ್ರೆಗಳು’ ಇದ್ದವು. ಜಾತ್ರೆಯಲ್ಲಿ ‘ಎಲ್ಲ ಥರದ ವಸ್ತುಗಳು’ ಇದ್ದವು. ‘ಆ ಒಂದು’, ‘ಒಂದು ರೀತಿಯ’, ‘ಇತ್ಯಾದಿ’ ಅನ್ನೋದು ಪುಟಕ್ಕೆ ನಾಲ್ಕು ಸಲ ಬರ್ತಿತ್ತು. ನಾನು ಉದಾಹರಣೆಗಳನ್ನೆಲ್ಲ ಆರಿಸಿ ಸಾಲಾಗಿ ಜೋಡಿಸಿ, ಕೊನೆಗೆ ‘ಇದು ಸೋಮಾರಿತನ’ ಅಂತ ಬರೆದು ಮುಗಿಸಿದ್ದೆ. ಆ ಬರಹಕ್ಕೆ ಒಳ್ಳೆ ಮೆಚ್ಚುಗೆಯೂ ಬಂತು. ಹಿರಿಯರನ್ನು ಟೀಕಿಸಿದರೆ ಮೆಚ್ಚುವವರು ಯಾವಾಗಲೂ ಇರ್ತಾರೆ.

ಒಂದೂವರೆ ವರ್ಷದ ನಂತರ ಒಂದು ಪುಸ್ತಕ ಬಿಡುಗಡೆಯಲ್ಲಿ ಅವರು ಸಿಕ್ಕರು. ನನ್ನ ಲೇಖನ ಓದಿದ್ದರೋ ಇಲ್ಲವೋ, ಕೈ ಹಿಡಿದು ಪ್ರೀತಿಯಿಂದಲೇ ಮಾತಾಡಿಸಿದರು. ಆಹ್ವಾನ ಪತ್ರಿಕೆ ಓದಲು ಜೇಬು ತಡಕಾಡಿ, ಪಕ್ಕದಲ್ಲಿದ್ದ ಮಗಳಿಗೆ ‘ಅದು ಕೊಡಮ್ಮ... ಅದೇ... ಮೂಗಿನ ಮೇಲೆ ಕೂರತ್ತಲ್ಲ’ ಅಂದರು. ಮಗಳು ಕನ್ನಡಕ ಕೊಟ್ಟಳು. ಅವರು ನನ್ನ ಕಡೆ ನೋಡಿ ನಕ್ಕರು. ನನಗೆ ನಗು ಬರಲಿಲ್ಲ.

ಅವರಿಗೆ ಏನಾಗಿದೆ, ಏನಾದರೂ ಆಗಿದೆಯೋ ಇಲ್ಲವೋ, ನನಗೆ ಯಾರೂ ಹೇಳಿಲ್ಲ. ನಾನೂ ಕೇಳಿಲ್ಲ. ಆದರೆ ಆ ರಾತ್ರಿಯಿಂದ ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ಒಬ್ಬ ಲೇಖಕರ ಕೊನೆಗಾಲದ ಪುಸ್ತಕದಲ್ಲಿ ಪದಗಳು ಬಡವಾಗಿದ್ದರೆ, ವಿಮರ್ಶಕ ಅದನ್ನು ಹೇಗೆ ಓದಬೇಕು? ಈ ಪ್ರಶ್ನೆಗೆ ಜಗತ್ತಿನಲ್ಲೇ ಅತಿ ಹೆಚ್ಚು ಚರ್ಚೆಯಾದ ಉದಾಹರಣೆ ಒಂದಿದೆ. ಅದು ಐರಿಸ್ ಮರ್ಡೋಕ್ ಅವರ ‘ಜಾಕ್ಸನ್ಸ್ ಡಿಲೆಮ್ಮಾ’.

ಮರ್ಡೋಕ್ ಹುಟ್ಟಿದ್ದು 1919ರಲ್ಲಿ, ಡಬ್ಲಿನ್‌ನಲ್ಲಿ. ಆಕ್ಸ್‌ಫರ್ಡ್‌ನಲ್ಲಿ ತತ್ವಶಾಸ್ತ್ರ ಕಲಿಸಿದವರು. ಮೊದಲ ಕಾದಂಬರಿ ‘ಅಂಡರ್ ದ ನೆಟ್’ 1954ರಲ್ಲಿ ಬಂತು. 1978ರ ‘ದ ಸೀ, ದ ಸೀ’ಗೆ ಬೂಕರ್ ಪ್ರಶಸ್ತಿ ಸಿಕ್ಕಿತು. ಇಪ್ಪತ್ತಾರನೆಯ ಮತ್ತು ಕೊನೆಯ ಕಾದಂಬರಿ ‘ಜಾಕ್ಸನ್ಸ್ ಡಿಲೆಮ್ಮಾ’ 1995ರದ್ದು. ಅದನ್ನು ಬರೆಯುವಾಗಲೇ ಪೆನ್ನು ಮುಂದಕ್ಕೆ ಹೋಗ್ತಿಲ್ಲ ಅಂತ ಅವರಿಗೆ ಅನ್ನಿಸಿತ್ತು. ಎಲ್ಲ ಲೇಖಕರಿಗೂ ಬರುವ ತಡೆ ಇದು ಅಂದುಕೊಂಡರು. ಮುಂದೆ ಗೊತ್ತಾಗಿದ್ದು ಆಲ್ಝೈಮರ್ ಕಾಯಿಲೆ ಎಂದು. 1999ರ ಫೆಬ್ರವರಿಯಲ್ಲಿ ತೀರಿಕೊಂಡರು. ಮರಣದ ನಂತರ ಮೆದುಳನ್ನು ಪರೀಕ್ಷಿಸಿದಾಗ ಕಾಯಿಲೆ ಖಚಿತವಾಯಿತು.

2005ರಲ್ಲಿ ‘ಬ್ರೇನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪೀಟರ್ ಗ್ಯಾರಾರ್ಡ್ ಮತ್ತು ಸಂಗಡಿಗರ ಒಂದು ಅಧ್ಯಯನ ಬಂತು. ಅವರು ಈ ಮೂರು ಕಾದಂಬರಿಗಳನ್ನೇ ಎತ್ತಿಕೊಂಡರು: ಮೊದಲನೆಯದು, ಉಚ್ಛ್ರಾಯದ ಕಾಲದ್ದು, ಕೊನೆಯದು. ಎಷ್ಟು ಬಗೆಯ ಪದಗಳು ಬಂದಿವೆ, ಬಂದ ಪದಗಳು ಎಷ್ಟು ಸಾಮಾನ್ಯವಾದವು, ವಾಕ್ಯಗಳ ರಚನೆ ಹೇಗಿದೆ ಎಂದು ಲೆಕ್ಕ ಹಾಕಿದರು. ಪದಸಂಪತ್ತು ಅತಿ ಶ್ರೀಮಂತವಾಗಿದ್ದದ್ದು ‘ದ ಸೀ, ದ ಸೀ’ಯಲ್ಲಿ, ಅತಿ ಬಡವಾಗಿದ್ದದ್ದು ಕೊನೆಯ ಕಾದಂಬರಿಯಲ್ಲಿ. ಅಲ್ಲಿ ಎಲ್ಲರೂ ದಿನಾ ಬಳಸುವ ಪದಗಳೇ ಹೆಚ್ಚು. ಆದರೆ ವ್ಯಾಕರಣ, ವಾಕ್ಯದ ಕಟ್ಟು ಹೆಚ್ಚೇನೂ ಬದಲಾಗಿರಲಿಲ್ಲ. ಮರ್ಡೋಕ್ ಕೈಯಲ್ಲೇ ಬರೆಯುತ್ತಿದ್ದರು, ಸಂಪಾದಕರಿಗೆ ಕೈಯಾಡಿಸಲು ಬಿಡುತ್ತಿರಲಿಲ್ಲ. ಹೀಗಾಗಿ ಪುಟದ ಮೇಲೆ ಇರುವುದು ಅವರದೇ ಪದ ಎಂದು ಧೈರ್ಯವಾಗಿ ಹೇಳಬಹುದಿತ್ತು. ಈ ಅನುಕೂಲ ಇನ್ನೊಬ್ಬ ಲೇಖಕರ ವಿಷಯದಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಪದ ಹೋಗಿ ವಾಕ್ಯ ಉಳಿಯುವುದು ಯಾಕೆ? ಮಾತು ಅನ್ನುವುದು ಮೆದುಳಿನ ಒಂದೇ ಪೆಟ್ಟಿಗೆಯಲ್ಲಿ ಇಟ್ಟ ಒಂದೇ ಸಾಮಾನಲ್ಲ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಎಂಬ ವೈದ್ಯ ನೋಡಿದ ರೋಗಿಯೊಬ್ಬ ಬಹುತೇಕ ‘ಟಾನ್’ ಎಂಬ ಒಂದೇ ಸದ್ದು ಹೊರಡಿಸುತ್ತಿದ್ದ, ಆದರೆ ಬೇರೆಯವರು ಹೇಳಿದ್ದು ಅವನಿಗೆ ಬಹಳ ಮಟ್ಟಿಗೆ ತಿಳಿಯುತ್ತಿತ್ತು. ಅವನ ಎಡ ಮೆದುಳಿನ ಮುಂಭಾಗ ಕೆಟ್ಟಿತ್ತು. ಆಲ್ಝೈಮರ್‌ನಲ್ಲಿ ನಡೆಯುವುದು ಬಹುಪಾಲು ಇದರ ತಿರುವುಮುರುವು. ಅದು ಸಾಮಾನ್ಯವಾಗಿ ಶುರುವಾಗುವುದು ಕಿವಿಯ ಒಳಮಗ್ಗುಲಿಗೆ, ಟೆಂಪೊರಲ್ ಭಾಗದ ಆಳದಲ್ಲಿರುವ ನೆನಪಿನ ಕೇಂದ್ರಗಳ ಸುತ್ತ. ಅಲ್ಲಿಂದ ಅರ್ಥವನ್ನು ಹಿಡಿದಿಟ್ಟುಕೊಳ್ಳುವ ಜಾಗಗಳಿಗೆ ಹರಡುತ್ತದೆ. ವಾಕ್ಯ ಕಟ್ಟುವ ಗಾಡಿ ಇನ್ನೂ ಓಡುತ್ತಿರುತ್ತದೆ, ಅದರ ಮೇಲೆ ಹೇರಲು ಸರಕು ಕಮ್ಮಿಯಾಗುತ್ತಾ ಬರುತ್ತದೆ. ಅರ್ಥದ ಉಗ್ರಾಣವೇ ಕರಗುವ ಇನ್ನೊಂದು ಬಗೆಯ ಮರೆವಿನ ಕಾಯಿಲೆಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹಂಸದ ಚಿತ್ರ ತೋರಿಸಿದರೆ ಮೊದಲು ಹಂಸ ಅನ್ನುವವರು, ಆಮೇಲೆ ಹಕ್ಕಿ ಅನ್ನುತ್ತಾರೆ, ಆಮೇಲೆ ಪ್ರಾಣಿ, ಕೊನೆಗೆ ‘ಅದು’. ಮರದ ತುದಿ ಕೊಂಬೆಗಳು ಮೊದಲು ಉದುರಿ ಬೊಡ್ಡೆ ಕೊನೆಗೆ ಉಳಿಯುತ್ತದಲ್ಲ, ಹಾಗೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ‘ಅರವತ್ತಕ್ಕೆ ಅರಳುಮರಳು’ ಅನ್ನುವ ನಮ್ಮ ಗಾದೆ ವಿಜ್ಞಾನದ ಮುಂದೆ ನಿಲ್ಲುವುದಿಲ್ಲ. ಆರೋಗ್ಯವಂತರಲ್ಲಿ ವಯಸ್ಸಾದಂತೆ ಪದಗಳ ತಿಳಿವಳಿಕೆ ಕುಗ್ಗುವುದಿಲ್ಲ, ಎಷ್ಟೋ ಸಲ ಹೆಚ್ಚುತ್ತದೆ. ಕಷ್ಟವಾಗುವುದು ಗೊತ್ತಿರುವ ಪದವನ್ನು ಬೇಕಾದ ಗಳಿಗೆಯಲ್ಲಿ ಹೊರಗೆ ತರುವುದು, ಅದರಲ್ಲೂ ಜನರ ಹೆಸರು. ಅರ್ಥ ಗಟ್ಟಿಯಾಗಿದೆ, ಅರ್ಥದಿಂದ ಸದ್ದಿಗೆ ಹೋಗುವ ದಾರಿ ಮಾತ್ರ ಸವೆದಿದೆ. ‘ಬಾಯಲ್ಲೇ ಇದೆ, ಬರ್ತಿಲ್ಲ’ ಅಂತೀವಲ್ಲ, ಅದು. ಸ್ನಾನ ಮಾಡುವಾಗ ತಾನಾಗಿ ಹೊಳೆಯುತ್ತದೆ. ಮೂಗಿನ ಮೇಲೆ ಕೂರುವುದು ಎಂದವರಿಗೆ ಕನ್ನಡಕದ ಅರ್ಥ ಪೂರ್ತಿ ಗೊತ್ತಿತ್ತು ಅನ್ನುವುದನ್ನು ನಾನು ಆ ಸಂಜೆ ಗಮನಿಸಲಿಲ್ಲ. ನನಗಿನ್ನೂ ಐವತ್ತಾಗಿಲ್ಲ, ಮೊನ್ನೆ ಪಕ್ಕದ ಮನೆಯವರ ಹೆಸರು ನನಗೇ ಬರಲಿಲ್ಲ. ಪತ್ತೇದಾರಿ ಕಾದಂಬರಿಕಾರ್ತಿ ಪಿ.ಡಿ. ಜೇಮ್ಸ್ ‘ಡೆತ್ ಕಮ್ಸ್ ಟು ಪೆಂಬರ್ಲಿ’ ಪ್ರಕಟಿಸಿದ್ದು 2011ರಲ್ಲಿ, 91ರ ವಯಸ್ಸಿನಲ್ಲಿ. ಅದೇ ವರ್ಷ ಟೊರಾಂಟೊದ ಸಂಶೋಧಕರು ಮರ್ಡೋಕ್, ಅಗಾಥಾ ಕ್ರಿಸ್ಟಿ, ಜೇಮ್ಸ್ ಮೂವರ ಕಾದಂಬರಿಗಳನ್ನು ಹೋಲಿಸಿದ ಫಲಿತಾಂಶ ಹೊರತಂದರು. ಮೊದಲಿಬ್ಬರ ಪದಸಂಪತ್ತು ಕೊನೆಗೆ ಇಳಿದಿತ್ತು, ಜೇಮ್ಸ್ ಅವರದ್ದು ಇಳಿದಿರಲಿಲ್ಲ. ವಯಸ್ಸಾಗುವುದೇ ಬೇರೆ, ಕಾಯಿಲೆಯೇ ಬೇರೆ.

ಇನ್ನು ಭಾಷೆ ಹೆಚ್ಚು ಕಲಿತರೆ ಮರೆವು ಬರುವುದಿಲ್ಲ ಅಂತ ವಾಟ್ಸಾಪ್‌ನಲ್ಲಿ ಓದಿರುತ್ತೀರಿ. ಅದರ ಹಿಂದೆ ಒಂದು ನಿಜವಾದ ಅಧ್ಯಯನವಿದೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮರೆವಿನ ಕಾಯಿಲೆಯವರ ದಾಖಲೆ ನೋಡಿ 2013ರಲ್ಲಿ ಪ್ರಕಟಿಸಿದ್ದು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ತಡವಾಗಿ ಬಂತು ಅಂದರೆ ಬರಲಿಲ್ಲ ಅಂತಲ್ಲ. ಅದೂ ಒಂದು ಗುಂಪಿನ ಸರಾಸರಿ. ಮರ್ಡೋಕ್ ಗ್ರೀಕ್, ಲ್ಯಾಟಿನ್, ಫ್ರೆಂಚ್ ಬಲ್ಲವರು. ಸರಾಸರಿ ಒಬ್ಬೊಬ್ಬರ ಬಾಗಿಲು ಕಾಯುವುದಿಲ್ಲ.

ಸರಿ, ಕಾದಂಬರಿಗೆ ಬರೋಣ. ‘ಜಾಕ್ಸನ್ಸ್ ಡಿಲೆಮ್ಮಾ’ದಲ್ಲಿ ಎಡ್ವರ್ಡ್ ಮತ್ತು ಮೇರಿಯನ್ ಮದುವೆಗೆ ಎಲ್ಲ ಸಿದ್ಧವಾಗಿದೆ. ಹಿಂದಿನ ರಾತ್ರಿ ಹುಡುಗಿಯಿಂದ ಚೀಟಿ ಬರುತ್ತದೆ: ಮದುವೆಯಾಗಲಾರೆ. ಅವಳು ಕಾಣೆ. ಗೆಳೆಯರ ಗುಂಪು ಕಂಗಾಲಾಗುತ್ತದೆ. ಹೈಡೆಗರ್ ಬಗ್ಗೆ ಪುಸ್ತಕ ಬರೆಯಲು ಒದ್ದಾಡುತ್ತಿರುವ ಬೆನೆಟ್ ಎಂಬಾತನ ಮನೆಯ ಕೆಲಸದವನು ಜಾಕ್ಸನ್. ಎಲ್ಲಿಂದ ಬಂದವನೋ ಗೊತ್ತಿಲ್ಲ, ಗಂಟುಗಳನ್ನು ಬಿಡಿಸುವವನು ಅವನೇ.

ನಾನು ಇದನ್ನು ‘ದ ಸೀ, ದ ಸೀ’ಯ ಬೆನ್ನಿಗೇ ಓದಿದೆ. ಆ ಹಳೆಯ ಕಾದಂಬರಿಯಲ್ಲಿ ಚಾರ್ಲ್ಸ್ ಆರೋಬಿ ಎಂಬ ನಿವೃತ್ತ ನಾಟಕ ನಿರ್ದೇಶಕ ಸಮುದ್ರದ ದಡದ ಮನೆಗೆ ಬಂದು ಕೂರುತ್ತಾನೆ. ಕತೆ ಶುರುವಾಗುವ ಮುಂಚೆ ಪುಟಗಟ್ಟಲೆ ನೀರಿನ ಬಣ್ಣ, ಬಂಡೆ, ಮನೆಯೊಳಗಿನ ಸಾಮಾನು, ಅವನು ತಿನ್ನುವ ವಿಚಿತ್ರ ಊಟಗಳ ವಿವರ. ಅವನು ಎಂಥ ಜಂಬದವನು ಅನ್ನುವುದು ನಮಗೆ ಗೊತ್ತಾಗುವುದೇ ಅವನ ತಟ್ಟೆಯಿಂದ. ಕೊನೆಯ ಕಾದಂಬರಿಯಲ್ಲಿ ಪಾತ್ರಗಳು ಅಳುತ್ತಾರೆ, ಓಡುತ್ತಾರೆ, ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ, ಆದರೆ ಅವರ ಕೈಗೆ ಹಿಡಿಯಲು ಏನೂ ಸಿಗುವುದಿಲ್ಲ. ಅವರನ್ನು ಬೇರೆ ಬೇರೆ ಮಾಡುವ ವಸ್ತುಗಳಿಲ್ಲ. ಹಾಗಾಗಿ ಕೊನೆಗೆ ಸಾಲಾಗಿ ಜೋಡಿಗಳು ಕೂಡಿದಾಗ, ಯಾರು ಯಾರನ್ನು ಸೇರಿದರೂ ನನಗೆ ವ್ಯತ್ಯಾಸ ಅನ್ನಿಸಲಿಲ್ಲ. ಕಾದಂಬರಿ ಸೋಲುವುದು ಅಲ್ಲೇ. ಸರಳ ಪದ ಬಳಸಿದ್ದಕ್ಕಲ್ಲ. ಸರಳ ಪದದಲ್ಲೇ ದೊಡ್ಡ ಬರಹ ಬಂದಿರುವ ಭಾಷೆ ನಮ್ಮದು; ವಚನಕಾರರನ್ನು ಓದಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ವಚನದ ಸರಳತೆಯಲ್ಲಿ ವಸ್ತು ಇದೆ. ಇಲ್ಲಿ ವಸ್ತು ಕಾಣೆಯಾಗಿದೆ.

ಒಂದು ಕಡೆ ಮಾತ್ರ ಪುಸ್ತಕ ನನ್ನನ್ನು ಹಿಡಿದಿತು. ಕೊನೆಯಲ್ಲಿ ಜಾಕ್ಸನ್ ಒಬ್ಬನೇ ಕೂತು, ತನ್ನ ಶಕ್ತಿ ತನ್ನನ್ನು ಬಿಟ್ಟುಹೋಯಿತೇ ಅಂತ ಯೋಚಿಸುತ್ತಾನೆ. ಅವನ ಕೈಮೇಲೆ ಒಂದು ಜೇಡ ಹರಿಯುತ್ತದೆ. ಜೇಡ! ಇಡೀ ಕಾದಂಬರಿಯಲ್ಲಿ ಹುಡುಕುತ್ತಿದ್ದ ಸಣ್ಣ ವಸ್ತು ಅಲ್ಲಿ ಸಿಕ್ಕಿತು.

ಈಗ ನನ್ನ ತಕರಾರು. 1995ರಲ್ಲಿ, ಕಾಯಿಲೆಯ ವಿಷಯ ಯಾರಿಗೂ ಗೊತ್ತಿಲ್ಲದಾಗ, ಈ ಪುಸ್ತಕದ ವಿಮರ್ಶೆಗಳು ಬಂದವು. ಎ.ಎಸ್. ಬಯಾಟ್ ಇದನ್ನು ನಮ್ಮ ಕಡೆಯ ಹಗ್ಗದ ಮಾಯಾಜಾಲಕ್ಕೆ ಹೋಲಿಸಿದರು: ಪಾತ್ರಗಳಿಗೆ ವ್ಯಕ್ತಿತ್ವವೇ ಇಲ್ಲ, ಹಾಗಾಗಿ ಕತೆಯೂ ಇಲ್ಲ. ಇನ್ನೊಬ್ಬ ವಿಮರ್ಶಕರಿಗೆ ಇದು ಹದಿಮೂರು ವರ್ಷದ ಶಾಲಾ ಹುಡುಗಿಯ ಬರಹದ ಹಾಗೆ ಕಂಡಿತು. ಎರಡು ವರ್ಷ ಕಳೆದು ಕಾಯಿಲೆಯ ಸುದ್ದಿ ಹೊರಬಂತು. 1998ರಲ್ಲಿ ಗಂಡ ಜಾನ್ ಬೇಲಿ ನೆನಪುಗಳನ್ನು ಬರೆದರು. ಹೆಂಡತಿ ಟೀವಿಯಲ್ಲಿ ಪುಟ್ಟ ಮಕ್ಕಳ ‘ಟೆಲಿಟಬ್ಬೀಸ್’ ನೋಡುತ್ತಾ ಕೂರುವುದು ಸಮೇತ. 2001ರಲ್ಲಿ ರಿಚರ್ಡ್ ಐರ್ ಅದನ್ನು ‘ಐರಿಸ್’ ಎಂಬ ಸಿನಿಮಾ ಮಾಡಿದರು, ಜೂಡಿ ಡೆಂಚ್ ಮತ್ತು ಕೇಟ್ ವಿನ್ಸ್‌ಲೆಟ್ ಇಬ್ಬರೂ ಐರಿಸ್ ಆದರು. ಆಮೇಲೆ ಅದೇ ಪುಟಗಳು ರೋಗಿಯ ಕೇಸ್ ಶೀಟ್ ಆಗಿಬಿಟ್ಟವು. ಮೊದಲು ಲೇಖಕಿಯ ಅಸಡ್ಡೆ ಕಂಡ ಕಡೆಯೇ ಈಗ ಮೆದುಳಿನ ಸವೆತ ಕಂಡಿತು. ಬೈಗುಳ ಹೋಗಿ ಕನಿಕರ ಬಂತು.

ನನಗೆ ಎರಡೂ ಒಂದೇ ತಪ್ಪಿನ ಎರಡು ಮುಖ ಅನ್ನಿಸುತ್ತದೆ. ಬೈದವರೂ ಕನಿಕರಪಟ್ಟವರೂ ಪುಟ ಬಿಟ್ಟು, ಪುಟದ ಹಿಂದಿನ ಕಾರಣದ ಕಡೆ ನೋಡಿದರು. ಮರ್ಡೋಕ್ ವಿಷಯದಲ್ಲಿ ಆ ಕಾರಣ ಮರಣೋತ್ತರ ಪರೀಕ್ಷೆಯಿಂದ ಖಚಿತವಾಗಿದೆ, ಅಧ್ಯಯನ ಮಾಡಿದವರೂ ಅದನ್ನು ತಿಳಿದುಕೊಂಡೇ ಹೊರಟವರು. ಕಾಯಿಲೆಯಿಂದ ಪುಸ್ತಕಕ್ಕೆ ಬಂದರು, ಪುಸ್ತಕದಿಂದ ಕಾಯಿಲೆಗೆ ಹೋಗಲಿಲ್ಲ. ಕ್ರಿಸ್ಟಿ ವಿಷಯದಲ್ಲಿ ಹಾಗಲ್ಲ. ಅವರು 81ರಲ್ಲಿ ಬರೆದ ‘ಎಲಿಫೆಂಟ್ಸ್ ಕ್ಯಾನ್ ರಿಮೆಂಬರ್’ (1972) ಕಾದಂಬರಿಯ ಪದಸಂಪತ್ತು, 63ರಲ್ಲಿ ಬರೆದದ್ದಕ್ಕಿಂತ ಸುಮಾರು ಶೇ. 30ರಷ್ಟು ಕಡಿಮೆ ಎಂದು ಟೊರಾಂಟೊದವರು ಲೆಕ್ಕ ಕೊಟ್ಟರು. ‘ಏನೋ ಒಂದು’, ‘ಆ ವಸ್ತು’ ಎನ್ನುವಂಥ ಪದಗಳು ಹೆಚ್ಚಾಗಿವೆ. ಕತೆಯೇ ಹಳೆಯ ಸಾವೊಂದನ್ನು ನೆನಪಿಟ್ಟುಕೊಂಡಿರುವ ಮುದುಕರನ್ನು ಹುಡುಕಿಕೊಂಡು ಹೋಗುವುದು. ಎಲ್ಲ ಸರಿ. ಆದರೆ ಕ್ರಿಸ್ಟಿಗೆ ಯಾವ ವೈದ್ಯರೂ ಆ ಕಾಯಿಲೆ ಇದೆ ಎಂದು ಹೇಳಿರಲಿಲ್ಲ. ಅಲ್ಲಿಂದ ‘ಕ್ರಿಸ್ಟಿಗೆ ಆಲ್ಝೈಮರ್ ಇತ್ತು’ ಎಂಬ ತಲೆಬರಹಕ್ಕೆ ಹಾರುವುದು ದೊಡ್ಡ ಹಾರು.

ಎಣಿಕೆಗೂ ಅದರದೇ ಕುರುಡು ಇದೆ. ಪುಸ್ತಕ ಉದ್ದವಾದಷ್ಟೂ ಹೊಸ ಪದ ಬರುವ ವೇಗ ತಾನಾಗಿ ಇಳಿಯುತ್ತದೆ, ಅದನ್ನು ಸರಿದೂಗಿಸದೆ ಹೋಲಿಸಿದರೆ ದಪ್ಪ ಪುಸ್ತಕ ಬರೆದವರೆಲ್ಲ ರೋಗಿಗಳಾಗುತ್ತಾರೆ. ಯಂತ್ರಕ್ಕೆ ಬೇಕೆಂದೇ ಮಾಡಿದ ಪುನರುಕ್ತಿ ಗೊತ್ತಾಗುವುದಿಲ್ಲ. ಅದರ ಕೈಗೆ ಜನಪದ ಕಾವ್ಯ ಕೊಟ್ಟರೆ ಹಾಡುಗಾರರನ್ನು ಆಸ್ಪತ್ರೆಗೆ ಕಳಿಸೀತು. ಕನ್ನಡಕ್ಕೆ ಇದನ್ನು ತಂದರೆ ಇನ್ನೊಂದು ತೊಡಕು. ಮನೆ, ಮನೆಗೆ, ಮನೆಯಿಂದ, ಮನೆಯವರೆಗೂ, ಮನೆಯಲ್ಲವೇ: ಇವು ಐದು ಪದವೋ ಒಂದೋ? ಇಂಗ್ಲಿಷಿಗೆ ಮಾಡಿದ ಲೆಕ್ಕವನ್ನು ಹಾಗೇ ಹಾಕಿದರೆ, ಒಂದೇ ಮನೆಯ ಸುತ್ತ ತಿರುಗುವ ಬರಹಗಾರರೂ ಪದಶ್ರೀಮಂತರಾಗಿ ಕಾಣುತ್ತಾರೆ. ನಮ್ಮಲ್ಲಿ ಕನ್ನಡ ಪದ ಕೈಕೊಟ್ಟ ಕಡೆ ಇಂಗ್ಲಿಷ್ ಪದ ಬಂದು ಕೂರುತ್ತದೆ, ಅದನ್ನು ಸೋಲು ಅನ್ನಬೇಕೋ ಅಭ್ಯಾಸ ಅನ್ನಬೇಕೋ? ಮೇಲಾಗಿ ಹೇಳಿ ಬರೆಸುವ ಪದ್ಧತಿ ಇದೆ. ಶಿವರಾಮ ಕಾರಂತರು ತೊಂಬತ್ತು ದಾಟಿದ ಮೇಲೂ ಪುಸ್ತಕ ಕೊಟ್ಟವರು, ಕಾದಂಬರಿಗಳನ್ನು ಹೇಳಿ ಬರೆಸಿದವರು. ಬಾಯಿಂದ ಬಂದ ಪುಸ್ತಕವನ್ನೂ ಕೈಯಿಂದ ಬಂದ ಪುಸ್ತಕವನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ಹಾಕುವುದು?

ಇಷ್ಟೆಲ್ಲ ಓದಿದ ಮೇಲೆ ನನ್ನ ಹಳೆಯ ಬರಹ ತೆಗೆದು ನೋಡಿದೆ. ಆರಿಸಿದ ಉದಾಹರಣೆಗಳು ಸರಿಯಾಗೇ ಇವೆ. ‘ಗಿಡಗಳು’ ‘ಗಿಡಗಳು’ ಆಗಿಯೇ ಇವೆ. ಪುಸ್ತಕ ಸಪ್ಪೆ ಅಂದಿದ್ದನ್ನು ವಾಪಸ್ ಪಡೆಯುವುದಿಲ್ಲ. ಹಿರಿಯರ ಮೇಲಿನ ಕನಿಕರಕ್ಕೆ ಸಪ್ಪೆಯನ್ನು ರುಚಿ ಅನ್ನುವುದು ಅವರಿಗೂ ಮರ್ಯಾದೆಯಲ್ಲ. ತಪ್ಪಿದ್ದು ಒಂದೇ ಪದ, ‘ಸೋಮಾರಿತನ’. ಅದು ಪುಸ್ತಕದಲ್ಲಿರಲಿಲ್ಲ, ನಾನು ತಂದು ಹಾಕಿದ್ದು. ಅದರ ಜಾಗಕ್ಕೆ ಈಗ ‘ಕಾಯಿಲೆ’ ಎಂದು ಬರೆದರೂ ಅದೇ ತಪ್ಪು ಮಾಡಿದ ಹಾಗೆ. ಕನ್ನಡಕ ಎಂಬ ಒಂದು ಪದ ಒಂದು ಸಂಜೆ ಬಾರದೆ ಹೋದದ್ದು ಯಾವುದಕ್ಕೂ ಸಾಕ್ಷಿಯಲ್ಲ. ಬರೆಯಬೇಕಾಗಿದ್ದು ಇಷ್ಟೇ: ‘ಈ ಪುಸ್ತಕದಲ್ಲಿ ವಸ್ತುಗಳಿಗೆ ಹೆಸರಿಲ್ಲ.’ ಯಾಕಿಲ್ಲ ಅನ್ನುವುದು ನನ್ನ ಕೆಲಸವಲ್ಲ.

ಆ ಸಂಕಲನವನ್ನು ಮತ್ತೊಮ್ಮೆ ಪೂರ್ತಿ ಓದಿದೆ. ಕೊನೆಯಿಂದ ಎರಡನೆಯದು ಅವರ ತಾಯಿಯ ಬಗ್ಗೆ ಒಂದು ಆರು ಪುಟದ ಪ್ರಬಂಧ. ಮೊದಲ ಸಲ ಉದಾಹರಣೆ ಹುಡುಕುವ ಅವಸರದಲ್ಲಿ ಅದರ ಮೇಲೆ ಕಣ್ಣಾಡಿಸಿ ಮುಂದೆ ಹೋಗಿದ್ದೆ. ಅದರಲ್ಲಿ ಕಡಗೋಲು ಇದೆ. ನೆಲುವು ಇದೆ. ಮೊಸರಿನ ಗಡಿಗೆ ಇದೆ. ಒಲೆಯ ಹಿಂದೆ ಒಣಗಿಸಿದ ಲಾವಂಚದ ಕಟ್ಟು ಇದೆ. ಬಾಲ್ಯದಲ್ಲಿ ಕಲಿತ ಪದಗಳು ಕೊನೆಯವರೆಗೆ ಉಳಿಯುತ್ತವೆ ಅಂತ ವಿಜ್ಞಾನ ಹೇಳುತ್ತದೆ, ಆದರೆ ಅದನ್ನೂ ಇಲ್ಲಿ ತರುವುದು ಬೇಡ. ಪ್ರಬಂಧ ಚೆನ್ನಾಗಿದೆ. ಅವರ ಅತ್ಯುತ್ತಮ ನಾಲ್ಕೈದರಲ್ಲಿ ಒಂದು. ವಿಮರ್ಶೆಯಲ್ಲಿ ಅದರ ಹೆಸರನ್ನೇ ಎತ್ತಿರಲಿಲ್ಲ ನಾನು. ಸೋಮಾರಿತನ ಇದ್ದದ್ದು ಅಲ್ಲಿ.